ಸೀಟಿನ ಮೇಲೆ ಲಗೇಜು

ಆ ಬಸ್ಸಿನಲ್ಲಿ ಓಡಾಡುವವರನ್ನು ಕೇಳಿ ನೋಡಿ, ಕಂಡಕ್ಟರಮ್ಮನ ಬಗ್ಗೆ ಎಲ್ಲರೂ ಹೇಳುವುದು ಒಂದೇ ಮಾತು: "ಅಯ್ಯೋ, ಅವರಾ? ಮೂಗಿನ ತುದೀಲೇ ಕೋಪ!" ಹೇಳುವವರದೇನೂ ತಪ್ಪಿಲ್ಲ. ಅವಳು ಕೂಗಿದರೆ ಹಿಂದಿನ ಬಾಗಿಲಿನಲ್ಲಿ ನೇತಾಡುವವನಿಗೂ ಕೇಳಬೇಕು, ಕಿವಿಗೆ ವೈರು ಸಿಕ್ಕಿಸಿಕೊಂಡು ನಿದ್ದೆಯ ನಾಟಕ ಆಡುವ ಕಾಲೇಜು ಹುಡುಗನಿಗೂ ಕೇಳಬೇಕು. ಸೀಟಿನ ವಿಷಯದಲ್ಲಂತೂ ಅವಳ ಮುಂದೆ ಯಾರ ಆಟವೂ ನಡೆಯುವುದಿಲ್ಲ. ಬಸುರಿ ಹತ್ತಿದರೆ ಯಾರಾದರೂ ಏಳಲೇಬೇಕು. ಕೋಲು ಹಿಡಿದ ಮುದುಕರು ಹತ್ತಿದರೆ ಏಳಲೇಬೇಕು. ಇನ್ನು ಪಕ್ಕದ ಸೀಟಿನಲ್ಲಿ ಬ್ಯಾಗನ್ನು ಅಳಿಯನ ಹಾಗೆ ಕೂರಿಸಿಕೊಂಡು ಕಿಟಕಿಯಾಚೆ ನೋಡುವ ಮಹಾನುಭಾವರು ಇರುತ್ತಾರಲ್ಲ, ಅವರನ್ನು ಕಂಡರೆ ಅವಳ ಮೈಯೆಲ್ಲ ಉರಿಯುತ್ತದೆ. "ಸ್ವಾಮೀ, ಸೀಟ್ ಮೇಲೆ ಲಗೇಜ್ ಇಡೋ ಹಾಗಿಲ್ಲ! ಆ ಬ್ಯಾಗಿಗೇನು ಕಾಲು ನೋಯುತ್ತಾ?" ಎಂದು ತಾನೇ ಎತ್ತಿ ಕೆಳಗಿಟ್ಟುಬಿಡುತ್ತಾಳೆ.

"ಸ್ವಲ್ಪ ಮೆಲ್ಲಗೆ ಹೇಳಬಾರದೇನಮ್ಮಾ?" ಎಂದು ದಿನಕ್ಕೊಬ್ಬರಾದರೂ ಬುದ್ಧಿ ಹೇಳುತ್ತಾರೆ. ಮೆಲ್ಲಗೆ ಹೇಳಿದರೆ ಯಾರು ಏಳುತ್ತಾರೆ? ಒಬ್ಬರೂ ಏಳುವುದಿಲ್ಲ. ಇದು ಅವಳು ಪುಸ್ತಕ ಓದಿ ಕಲಿತದ್ದಲ್ಲ, ದಿನಾ ನಿಂತುಕೊಂಡೇ ಕಲಿತದ್ದು.

ಮನೆಯಲ್ಲಿ ಅವಳ ಕೂಗನ್ನು ಇಷ್ಟಪಡುವ ಒಂದೇ ಒಂದು ಜೀವ ಇದೆ. ಅದು ಅವಳ ಮಗಳು ಗುಬ್ಬಿ. ಅಮ್ಮ ಹಾಲಿನವನ ಮೇಲೋ ಮಹಡಿಯ ಮೇಲಿನ ಬಾಡಿಗೆಯವರ ಮೇಲೋ ದನಿಯೇರಿಸಿದರೆ ಸಾಕು, ಗುಬ್ಬಿ ಕಿಲಕಿಲ ನಗುತ್ತದೆ. ಹುಟ್ಟಿದಾಗ ಉಸಿರು ತಡವಾಗಿ ಬಂದ ಮಗು ಅದು. ಏಳು ತುಂಬಿದರೂ ಬೆನ್ನು ನಿಲ್ಲುವುದಿಲ್ಲ, ಕತ್ತು ಜೋಲುತ್ತದೆ, ಮಾತಿಲ್ಲ. ಆದರೆ ಎಲ್ಲ ಅರ್ಥವಾಗುತ್ತದೆ. ಅಪ್ಪ ಲಾರಿ ಡ್ರೈವರು, ಮನೆಗೆ ಬರುವುದು ನೆಂಟರ ಹಾಗೆ. ಹಗಲೆಲ್ಲ ಮಗುವನ್ನು ನೋಡಿಕೊಳ್ಳುವವರು ಅತ್ತೆ, ಅಂದರೆ ಗುಬ್ಬಿಯ ಅಜ್ಜಿ.

ಈ ಮನೆಯ ದೊಡ್ಡ ಭಯ ಹಸಿವಲ್ಲ, ಊಟ. ಗುಬ್ಬಿಯನ್ನು ಮಲಗಿಸಿ ತಿನ್ನಿಸುವ ಹಾಗಿಲ್ಲ. ತುತ್ತು ಹೊಟ್ಟೆಗೆ ಹೋಗುವ ಬದಲು ಶ್ವಾಸಕ್ಕೆ ಹೋಗುತ್ತದೆ. ಹಾಗೆ ಹೋಗಿ ಮಗು ಒಮ್ಮೆ ನೀಲಿಗಟ್ಟಿ, ಆಸ್ಪತ್ರೆ ಸೇರಿ, ಎದೆಯಲ್ಲಿ ಕಫ ತುಂಬಿ ಮಲಗಿತ್ತು. "ನೆಟ್ಟಗೆ ಕೂರಿಸಿಯೇ ತಿನ್ನಿಸಿ, ಇನ್ನೊಂದು ಸಲ ಹೀಗಾದರೆ ಕಷ್ಟ" ಎಂದಿದ್ದರು ಡಾಕ್ಟರು. ಕೂರಿಸುವುದು ಎಲ್ಲಿ? ಅಂಗಡಿಯಲ್ಲಿ ಸಿಗುವ ಮಾಮೂಲಿ ಕುರ್ಚಿಯಲ್ಲಿ ಕೂರಿಸಿದರೆ ಮಗು ಒದ್ದೆ ಬಟ್ಟೆಯ ಹಾಗೆ ಪಕ್ಕಕ್ಕೆ ಜಾರುತ್ತದೆ. ಹಾಗಾಗಿ ಅಜ್ಜಿ ಗೋಡೆಗೆ ಒರಗಿ, ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ಎಡಗೈಯಲ್ಲಿ ಅದರ ಎದೆ, ಗಲ್ಲದಲ್ಲಿ ಅದರ ತಲೆ ಒತ್ತಿ ಹಿಡಿದು, ಬಲಗೈಯಲ್ಲಿ ತುತ್ತಿಡುತ್ತಿದ್ದರು. ಮಗು ಬೆಳೆಯುತ್ತಿತ್ತು, ಅಜ್ಜಿ ಕುಗ್ಗುತ್ತಿದ್ದರು. ಪ್ರತಿ ಮಧ್ಯಾಹ್ನ ಬಸ್ಸಿನಲ್ಲಿ ಟಿಕೆಟ್ ಕೊಡುತ್ತಾ ಕಂಡಕ್ಟರಮ್ಮ ಮನಸ್ಸಿನಲ್ಲೇ ಎಣಿಸುತ್ತಿದ್ದಳು: ಈಗ ಊಟದ ಹೊತ್ತು, ಈಗ ಅತ್ತೆಯ ಕೈ ನಡುಗುತ್ತಿರುತ್ತದೆ.

ಅವಳ ಈ ಕಷ್ಟ ಬಾಯಿ ಬಿಟ್ಟು ಹೇಳದೆಯೇ ಗೊತ್ತಾಗುತ್ತಿದ್ದುದು ಶನಿವಾರದವರಿಗೆ ಮಾತ್ರ. ಬಸ್ ಡಿಪೋದ ಹಿಂದೆ ಸಿಬ್ಬಂದಿಯ ವಿಶ್ರಾಂತಿ ಕೋಣೆಯೊಂದಿದೆ: ಎರಡು ಹಳೆಯ ಮಂಚ, ಒಂದು ಫ್ಯಾನು, ಗೋಡೆಗೆ ಗ್ರೀಸಿನ ಕೈಗುರುತು. ಡಿಪೋ ಮ್ಯಾನೇಜರ ಜೊತೆ ಜಗಳವಾಡಿ ಶನಿವಾರ ಮಧ್ಯಾಹ್ನ ಆ ಕೋಣೆಯನ್ನು ಅವಳು ಬಿಡಿಸಿಕೊಂಡಿದ್ದಳು. ಅಲ್ಲಿಗೆ ಇಂಥ ಮಕ್ಕಳಿರುವ ಮನೆಯವರು ಬರುತ್ತಾರೆ. ಬೋರ್ಡಿಲ್ಲ, ಅಧ್ಯಕ್ಷರಿಲ್ಲ, ಭಾಷಣವಂತೂ ಇಲ್ಲವೇ ಇಲ್ಲ. ಯಾವ ಡಾಕ್ಟರು ಬೈಯದೆ ನೋಡುತ್ತಾರೆ, ಯಾವ ಶಾಲೆಯಲ್ಲಿ ಬಾಗಿಲಲ್ಲೇ ಸಾಗಹಾಕುತ್ತಾರೆ, ಮಗು ತಲೆ ಚಚ್ಚಿಕೊಂಡಾಗ ಏನು ಮಾಡಬೇಕು, ಇವೆಲ್ಲ ಅಲ್ಲಿ ಬಾಯಿಂದ ಬಾಯಿಗೆ ಹೋಗುತ್ತದೆ. "ನಿನ್ನ ಮಗೂನ ನಾನು ನೋಡ್ಕೋತೀನಿ, ನೀನು ಹೋಗಿ ನೆಮ್ಮದಿಯಾಗಿ ತಲೆಗೆ ನೀರು ಹಾಕ್ಕೊಂಡು ಬಾ" ಎನ್ನುವ ಮಾತಿಗೆ ಅಲ್ಲಿ ಅತ್ತವರಿದ್ದಾರೆ.

ಆ ಕೋಣೆಯಲ್ಲಿ ಒಂದು ಪದ್ಧತಿ ತಾನಾಗಿಯೇ ಬೆಳೆದಿತ್ತು. ಒಂದು ಮಗುವಿಗೆ ಚಿಕ್ಕದಾದ ಕಾಲುಪಟ್ಟಿ, ಬೂಟು, ಸ್ನಾನದ ಸ್ಟೂಲು, ಏನೇ ಇರಲಿ, ಅಲ್ಲಿಗೆ ಬರುತ್ತದೆ. ಯಾರಿಗೆ ಆಗುತ್ತದೋ ಅವರ ಮನೆಗೆ ಹೋಗುತ್ತದೆ. ಆದರೆ ಅದರ ಮೇಲೆ ಬರೆದ ಹಳೆಯ ಹೆಸರನ್ನು ಯಾರೂ ಅಳಿಸುವುದಿಲ್ಲ. "ಯಾರ ಕಡೆಯಿಂದ ಬಂತು ಅಂತ ಮಗೂಗೆ ಗೊತ್ತಿರಲಿ" ಎನ್ನುತ್ತಿದ್ದವಳು ಬೇಕರಿ ಅಕ್ಕ. ಈ ಒಳ್ಳೆಯತನವೇ ಮುಂದೆ ಅವರ ಕುತ್ತಿಗೆಗೆ ಬಂತು.

ಬೇಕರಿ ಅಕ್ಕನ ಗಂಡ ಬ್ರೆಡ್ ಒಲೆಯ ಮುಂದೆ ಬೇಯುವವನು. ಅವಳು ಗಲ್ಲಾ ನೋಡಿಕೊಳ್ಳುವವಳು. ದನಿ ಎಷ್ಟು ಮೆತ್ತಗೆ ಎಂದರೆ ಗಿರಾಕಿಗಳು "ಏನಂದ್ರಿ?" ಎಂದು ಎರಡೆರಡು ಸಲ ಕೇಳಬೇಕು. ಅವಳ ಮಗನಿಗೆ ಗುಂಪಿನಲ್ಲೆಲ್ಲ ದೊಡ್ಡ ದೇಹ; ಅದಕ್ಕೇ ಅವನ ಹೆಸರು ಆನೆಮರಿ. ಗುಬ್ಬಿಯ ಹಾಗೆಯೇ ಅವನಿಗೂ ಬೆನ್ನು ನಿಲ್ಲುವುದಿಲ್ಲ. ಇನ್ನೊಬ್ಬ ವಾಚ್‌ಮನ್ ಅಣ್ಣ. ಬ್ಯಾಂಕಿನ ಬಾಗಿಲಲ್ಲಿ ಬಂದೂಕು ಹಿಡಿದು ನಿಲ್ಲುವ ಮನುಷ್ಯ, ಮೀಸೆ ನೋಡಿದರೆ ಕಳ್ಳರು ಓಡಬೇಕು. ಆದರೆ ಕತ್ತಿನಲ್ಲಿ ಗುರುತಿನ ಚೀಟಿ ನೇತುಹಾಕಿಕೊಂಡ ಯಾರನ್ನು ಕಂಡರೂ ಅವನಿಗೆ ಕೈಕಾಲು ತಣ್ಣಗಾಗುತ್ತವೆ. ಅವನ ಮಗ ಪುಟಾಣಿ, ಮೂವರಲ್ಲಿ ಚಿಕ್ಕವನು.

ಈ ಮೂರು ಮಕ್ಕಳಿಗೂ ಕುರ್ಚಿ ಕೊಡುತ್ತೇವೆಂದು, ಇಂಥ ಮಕ್ಕಳಿಗೆ ಸಲಕರಣೆ ಹಂಚುವ ಸಹಾಯ ಕೇಂದ್ರದವರು ಹೇಳಿದ್ದರು. ಪಕ್ಕಕ್ಕೆ ಒತ್ತು, ತಲೆಗೆ ಆಸರೆ, ಎದೆಗೆ ಪಟ್ಟಿ, ಮುಂದೆ ತಟ್ಟೆಯಿಡಲು ಹಲಗೆ ಇರುವ, ಆಯಾ ಮಗುವಿನ ಮೈಯಳತೆಗೆ ಮಾಡಿಸುವ ಕುರ್ಚಿ. ಬಂದರು, ಸೊಂಟ, ಬೆನ್ನು, ತೊಡೆ ಎಲ್ಲದರ ಅಳತೆ ತೆಗೆದುಕೊಂಡರು. ಹೋದವರು ಹೋದೇ ಹೋದರು. ಕೇಂದ್ರ ಕಾಯಿಸಿತು, ಮಕ್ಕಳು ಕಾಯಲಿಲ್ಲ, ಬೆಳೆದರು. ಬೇಸಿಗೆ ಎರಡು ಸಲ ಬಂದು ಹೋದ ಮೇಲೆ ಒಂದು ದಿನ ಕರೆ ಬಂತು: ಸಮಾರಂಭ ಇದೆ, ಮಕ್ಕಳನ್ನು ಚೆನ್ನಾಗಿ ಡ್ರೆಸ್ ಮಾಡಿ ಕರೆತನ್ನಿ.

ಸಮಾರಂಭದಲ್ಲಿ ಬಲೂನಿತ್ತು, ಬ್ಯಾನರಿತ್ತು, ಕೇಂದ್ರದ ಸಾಹೇಬರ ಉದ್ದನೆಯ ಭಾಷಣವಿತ್ತು. "ಈ ತಾಯಂದಿರು ತಾಳ್ಮೆಯ ಮೂರ್ತಿಗಳು" ಎಂದರು ಸಾಹೇಬರು. ಕಂಡಕ್ಟರಮ್ಮ ಹಲ್ಲು ಕಚ್ಚಿದಳು. ಆಮೇಲೆ ಮಕ್ಕಳನ್ನು ಅವರವರ ಹೆಸರಿನ ಕುರ್ಚಿಯಲ್ಲಿ ಕೂರಿಸಿ ಫೋಟೋ ತೆಗೆದರು. ಗುಬ್ಬಿ ಬೆಳೆದಿತ್ತಲ್ಲ, ಸೊಂಟ ಹಿಡಿಸಲಿಲ್ಲ. ಇಬ್ಬರು ಸೇರಿ ಒತ್ತಿ ಕೂರಿಸಿದಾಗ ಮಗು ಬಿಕ್ಕಿ ಅತ್ತಿತು. "ನೋಡಿ, ಆನಂದಬಾಷ್ಪ!" ಎಂದರು ಸಾಹೇಬರು. ಆ ಫೋಟೋ ಪೇಪರಿನಲ್ಲೂ ಬಂತು. ಆನೆಮರಿಯನ್ನು ಕೂರಿಸಲು ಆಗಲೇ ಇಲ್ಲ, ಕುರ್ಚಿಯ ಪಕ್ಕದಲ್ಲಿ ಚಾಪೆಯ ಮೇಲೆ ಮಲಗಿಸಿಯೇ ಕ್ಲಿಕ್ಕಿಸಿದರು. ಕುರ್ಚಿ ಚಿಕ್ಕದಾಯಿತಲ್ಲ ಎಂದು ಅಕ್ಕ ಮೆತ್ತಗೆ ಕೇಳಿದ್ದಕ್ಕೆ, "ಅಳತೆ ನೀವೇ ಕೊಟ್ಟಿದ್ದಲ್ವಾ? ದೊಡ್ಡದರ ಪಟ್ಟಿಗೆ ಹೆಸರು ಸೇರಿಸಿರ್ತೀವಿ, ಬಂದಾಗ ಬರುತ್ತೆ" ಎಂದರು ಸಾಹೇಬರು.

ಹೊರಗೆ ಮೆಟ್ಟಿಲ ಕೆಳಗೆ ಮೂರು ಮನೆಯವರೂ ಮೂರು ಕುರ್ಚಿ ಇಟ್ಟುಕೊಂಡು ಒಬ್ಬರ ಮುಖ ಒಬ್ಬರು ನೋಡುತ್ತಾ ನಿಂತರು. ಮೊದಲು ಕೈ ಹಾಕಿದ್ದು ಬೇಕರಿ ಅಕ್ಕ. ಗುಬ್ಬಿಯನ್ನು ಎತ್ತಿ ಆನೆಮರಿಯ ಕುರ್ಚಿಯಲ್ಲಿ ಕೂರಿಸಿದಳು. ಸೊಂಟ ಸರಿಯಾಗಿ ಕೂತಿತು, ತಲೆಗೆ ಆಸರೆ ಸಿಕ್ಕಿತು. ಗುಬ್ಬಿ ತಲೆಯೆತ್ತಿ ಸುತ್ತ ನೋಡಿತು.

"ತಗೊಂಡು ಹೋಗು ತಂಗಿ."

"ಅಕ್ಕಾ, ಮತ್ತೆ ನಿನ್ನವನಿಗೆ?"

"ನನ್ನವನಿಗೆ ಯಾವುದೂ ಆಗಲ್ವಲ್ಲೇ. ನಿನ್ನವಳಾದ್ರೂ ನೆಟ್ಟಗೆ ಕೂತು ಊಟ ಮಾಡ್ಲಿ."

ಗುಬ್ಬಿಯ ಕುರ್ಚಿ ಪುಟಾಣಿಗೆ ಹೇಳಿ ಮಾಡಿಸಿದ ಹಾಗಿತ್ತು. ಪುಟಾಣಿಯ ಪುಟ್ಟ ಕುರ್ಚಿ ಊರಾಚೆಯ ಇನ್ನೊಂದು ಮನೆಗೆ ಹೋಯಿತು. ಬರಿಗೈಯಲ್ಲಿ ಮನೆಗೆ ಹೋದವರು ಬೇಕರಿ ಅಕ್ಕ ಮತ್ತು ಅವಳ ಮಗ.

ಆ ಕುರ್ಚಿಯಿಂದ ಕಂಡಕ್ಟರಮ್ಮನ ಮನೆ ಬದಲಾಯಿತು ಎಂದರೆ ಉತ್ಪ್ರೇಕ್ಷೆಯಲ್ಲ. ಅಜ್ಜಿಯ ಎರಡೂ ಕೈ ಬಿಡುವಾದವು. ಎದುರಿಗೆ ಕೂತು ಮೊಮ್ಮಗಳ ಮುಖ ನೋಡುತ್ತಾ ತಿನ್ನಿಸುವುದು ಅವರಿಗೆ ಹೊಸದು. ಒಂದು ದಿನ ಗುಬ್ಬಿ ಚಮಚವನ್ನು ತಾನೇ ಹಿಡಿಯಿತು. ಗಂಜಿ ಮೂಗಿಗೆ, ಕಿವಿಗೆ, ಅಜ್ಜಿಯ ಕನ್ನಡಕಕ್ಕೆಲ್ಲ ಹಾರಿ, ಕೊನೆಗೆ ಬಾಯಿಗೂ ಒಂದಿಷ್ಟು ಹೋಯಿತು. ಕೆಲಸದಿಂದ ಬಂದ ಅವಳಿಗೆ ಅತ್ತೆ ಕನ್ನಡಕ ಒರೆಸದೆ ಹಾಗೇ ತೋರಿಸಿದರು. ಅವಳು ಗೋಡೆಗೆ ಮುಖ ಮಾಡಿ ಅತ್ತಳು.

ಆಮೇಲೆ ಬಂದಳು ಕೇಂದ್ರದ ಹುಡುಗಿ, ಕತ್ತಿನಲ್ಲಿ ಗುರುತಿನ ಚೀಟಿ, ಕೈಯಲ್ಲಿ ಕ್ಯಾಮೆರಾ. ಕುರ್ಚಿಗಳು ಬಳಕೆಯಾಗುತ್ತಿವೆಯೇ ಎಂದು ಮನೆಮನೆ ನೋಡಿ ಹೋಗುವುದು ಅವಳ ಕೆಲಸ. ಮೊದಲು ಹೋದದ್ದು ವಾಚ್‌ಮನ್ ಅಣ್ಣನ ಮನೆಗೆ. ಪುಟಾಣಿ ಕುರ್ಚಿಯಲ್ಲಿ ರಾಜನ ಹಾಗೆ ಕೂತಿದ್ದ. ಹುಡುಗಿ ಹಿಂದೆ ಹೋಗಿ ನೋಡಿದರೆ, ಬೆನ್ನ ಮೇಲೆ ತಗಡಿನ ಪಟ್ಟಿ, ಪಟ್ಟಿಯ ಮೇಲೆ ಗುಬ್ಬಿಯ ಹೆಸರು. ಒಂದು ಸ್ಕ್ರೂ ತಿರುಗಿಸಿದ್ದರೆ ಮುಗಿಯುತ್ತಿತ್ತು. ಆದರೆ ಆ ಕೋಣೆಯವರಲ್ಲಿ ಹೆಸರು ತೆಗೆಯುವ ಪದ್ಧತಿಯೇ ಇರಲಿಲ್ಲವಲ್ಲ.

"ಇದು ಬೇರೆ ಮಗೂದಲ್ವಾ? ಇದು ದುರುಪಯೋಗ ಆಗುತ್ತೆ" ಎಂದಳಂತೆ ಹುಡುಗಿ. ಅಷ್ಟೇ ಅಂದದ್ದು. ಮರುದಿನ ಬೆಳಿಗ್ಗೆ ಆ ಪುಣ್ಯಾತ್ಮ ಕುರ್ಚಿಯನ್ನು ತಲೆಯ ಮೇಲೆ ಹೊತ್ತುಕೊಂಡು ಹೋಗಿ ಕೇಂದ್ರದಲ್ಲಿ ಒಪ್ಪಿಸಿ, ಕೈ ಮುಗಿದು ಬಂದ.

ಶನಿವಾರ ಸುದ್ದಿ ಕೇಳಿ ಕಂಡಕ್ಟರಮ್ಮನಿಗೆ ಪಿತ್ತ ನೆತ್ತಿಗೇರಿತು. "ಅಲ್ಲಣ್ಣ, ಯಾರಾದ್ರೂ ಕೇಳಿದ್ರಾ? ಕೇಳೋ ಮೊದಲೇ ಹೊತ್ಕೊಂಡು ಹೋಗಿ ಕೊಟ್ಟು ಬಂದ್ಯಲ್ಲ! ನಿನ್ನ ಕೈಗೆ ಬಂದೂಕು ಕೊಟ್ಟಿರೋದು ಯಾತಕ್ಕೆ, ನೊಣ ಹೊಡೆಯೋಕಾ?"

"ಜೈಲಿಗೆ ಹಾಕ್ತಾರೇನೋ ಅನ್ಕೊಂಡೆ ಕಂಡಕ್ಟರಮ್ಮಾ."

"ಕುರ್ಚೀಲಿ ಕೂತಿದ್ದಕ್ಕೆ ಜೈಲಾ? ಯಾರಿಗೆ, ಪುಟಾಣಿಗಾ?"

ವಾಚ್‌ಮನ್ ಅಣ್ಣ ತಲೆ ತಗ್ಗಿಸಿದ. ಪುಟಾಣಿ ಮೂಲೆಯಲ್ಲಿ ಚಾಪೆಯ ಮೇಲೆ ಮಲಗಿ ಫ್ಯಾನು ನೋಡುತ್ತಿದ್ದ. ಅವನನ್ನು ನೋಡಿ ಅವಳ ಮಾತು ನಿಂತಿತು, ಸಿಟ್ಟು ನಿಲ್ಲಲಿಲ್ಲ. ವಾಪಸ್ ಕೊಡಿ ಎಂದು ಅವಳೇ ಕೇಂದ್ರಕ್ಕೆ ಹೋಗಿ ಕೇಳಿದಳು. ಬಾಗಿಲಲ್ಲೇ ಉತ್ತರ ಬಂತು: ಪರಿಶೀಲನೆಯಲ್ಲಿದೆ. ಇನ್ನೊಮ್ಮೆ ಹೋದಳು. ಪರಿಶೀಲನೆಯಲ್ಲಿದೆ. ಮಳೆಗಾಲ ಬಂದು ಹೋಯಿತು, ಪರಿಶೀಲನೆ ಮುಗಿಯಲಿಲ್ಲ.

ಚಳಿ ಶುರುವಾಗುವ ಹೊತ್ತಿಗೆ ಬೇಕರಿ ಅಕ್ಕ ಅವಳ ಮನೆಗೆ ಬಂದಳು. ರಜೆಯ ದಿನ, ಮಧ್ಯಾಹ್ನ. ಗುಬ್ಬಿ ಊಟಕ್ಕೆ ಕೂತಿತ್ತು. ಅಕ್ಕ ಬನ್ನಿನ ಪೊಟ್ಟಣವನ್ನು ಕೆಳಗಿಡುವುದನ್ನೂ ಮರೆತು, ಮಗು ಚಮಚವನ್ನು ನಡುಗುತ್ತಾ ಬಾಯಿಗೆ ಒಯ್ಯುವುದನ್ನೇ ನೋಡುತ್ತಾ ಕೂತಳು. ಪೊಟ್ಟಣ ಅವಳ ಕೈಯಲ್ಲೇ ಹಿಸುಕಿಹೋಯಿತು.

"ಏನಾಯ್ತಕ್ಕಾ? ಬಾಯಿ ಬಿಟ್ಟು ಹೇಳು."

"ಏನಿಲ್ಲ ಬಿಡು. ಎಷ್ಟು ಚೆನ್ನಾಗಿ ತಿಂತಾಳೆ."

"ಅಕ್ಕಾ, ಸತ್ಯ ಹೇಳು. ಸಾಹೇಬರು ಕರೆದಿದ್ರಾ?"

ಅಕ್ಕ ಹೌದೆಂದು ತಲೆ ಆಡಿಸಿದಳು. ಆನೆಮರಿಯ ಹೆಸರಿನ ಕುರ್ಚಿ ಬೇರೆ ಮನೆಯಲ್ಲಿದೆಯೆಂದು ಅವರಿಗೆ ಗೊತ್ತಾಗಿತ್ತು. ಅದು ಸೋಮವಾರದೊಳಗೆ ಕೇಂದ್ರಕ್ಕೆ ಬರಬೇಕು. ಬರದಿದ್ದರೆ ದೊಡ್ಡ ಕುರ್ಚಿಯ ಪಟ್ಟಿಯಿಂದ ಆನೆಮರಿಯ ಹೆಸರನ್ನು ತೆಗೆದುಹಾಕುತ್ತಾರೆ. "ಬೇಡ ಅಂದ್ಬಿಡ್ತೀನಿ ತಂಗಿ," ಎಂದಳು ಅಕ್ಕ, "ಹೆಸರು ಹೋದ್ರೆ ಹೋಗ್ಲಿ. ಅವಳು ತಿನ್ನೋದನ್ನ ನೋಡಿದ ಮೇಲೆ ಹ್ಯಾಗೆ ಕೇಳ್ಲಿ ನಾನು?"

ಕಂಡಕ್ಟರಮ್ಮನಿಗೆ ಬಂದ ಕೋಪಕ್ಕೆ ಕೈಯಲ್ಲಿದ್ದ ಲೋಟ ಗೋಡೆಗೆ ಹೋಗಿ ಬಿತ್ತು. ಗುಬ್ಬಿ ನಕ್ಕಿತು. ಎಂಥ ಜನ ಇವರು! ಕುರ್ಚಿ ಕೊಡುವಾಗ ಅಳತೆ ತಪ್ಪಿಸಿದ್ದಾಯಿತು, ಈಗ ಒಂದು ಮಗುವಿನ ಅನ್ನದ ಎದುರಿಗೆ ಇನ್ನೊಂದು ಮಗುವಿನ ಬೆನ್ನು ತಂದು ನಿಲ್ಲಿಸಿ, ನೀವು ನೀವೇ ಬಡಿದಾಡಿಕೊಳ್ಳಿ ಎನ್ನುತ್ತಿದ್ದಾರೆ. ಆನೆಮರಿಗೆ ಹುಟ್ಟಿದಾಗಿನಿಂದ ಕೂತು ಗೊತ್ತಿಲ್ಲ. ಅವನಿಗೆ ಬರಬೇಕಾದ ಕುರ್ಚಿಯನ್ನು ತಪ್ಪಿಸಿ ತನ್ನ ಮಗಳು ಇದರಲ್ಲಿ ಕೂತಿರುವುದು ಹೇಗೆ? ಇಳಿಸಿದರೆ ಮತ್ತೆ ಅತ್ತೆಯ ತೊಡೆ, ಮತ್ತೆ ಆ ನೀಲಿ ತುಟಿ.

"ಕೊಟ್ಟುಬಿಡು ಕಣೇ," ಎಂದರು ಅತ್ತೆ ನೆಲದ ಮೇಲಿನ ನೀರು ಒರೆಸುತ್ತಾ. "ನನ್ನ ತೊಡೆ ಇನ್ನೂ ಇದೆ. ಆ ಹುಡುಗ ಎಷ್ಟು ವರ್ಷ ಅಂತ ಮಲಗಿರ್ತಾನೆ?"

ಸೋಮವಾರ ಬೆಳಗಿನ ಪಾಳಿ ಮುಗಿಸಿ, ಖಾಕಿ ಬಟ್ಟೆಯಲ್ಲೇ, ಅವಳು ಕುರ್ಚಿಯನ್ನು ಬಸ್ಸಿಗೆ ಹತ್ತಿಸಿದಳು. ಗುಬ್ಬಿ ಅದರಲ್ಲೇ ಕೂತಿತ್ತು; ಕೊನೆಯ ಸಲ ಕೂತು ಹೋಗಲಿ ಎಂದಿದ್ದರು ಅತ್ತೆ. ಯಾರ ಹೆಸರಿಗಿದೆಯೋ ಅವರೇ ಬಂದು ಒಪ್ಪಿಸಬೇಕು ಎಂದು ಸಾಹೇಬರು ಅಪ್ಪಣೆ ಮಾಡಿದ್ದರಿಂದ ಆನೆಮರಿಯೂ ಹೊರಡಬೇಕಾಯಿತು. ಅವನನ್ನು ಎತ್ತಿಕೊಳ್ಳಲು ವಾಚ್‌ಮನ್ ಅಣ್ಣ ರಜೆ ಹಾಕಿ ಬಂದಿದ್ದ. ಹಿಂದಿನ ಉದ್ದ ಸೀಟಿನಲ್ಲಿ ಆನೆಮರಿಯನ್ನು ಮಲಗಿಸಿಕೊಂಡು, ಅವನ ತಲೆ ಹಿಡಿದು ಬೇಕರಿ ಅಕ್ಕ ಕೂತಳು.

ಕೇಂದ್ರದಲ್ಲಿ ಆನೆಮರಿಯನ್ನು ಮಲಗಿಸಲು ಜಾಗವಿರಲಿಲ್ಲ. ವರಾಂಡದ ಕಿರಿದಾದ ಬೆಂಚಿನಲ್ಲಿ ಅಕ್ಕ ಅವನನ್ನು ತೊಡೆಯ ಮೇಲೆ ಹಾಕಿಕೊಂಡಳು; ಅವನ ಕಾಲು ನೆಲಕ್ಕೆ ತಾಗುತ್ತಿತ್ತು. ಕೇಂದ್ರದ ಹುಡುಗಿ ಬಂದು, "ಕುರ್ಚಿ ಸ್ಟೋರಿನಲ್ಲಿಡಿ, ಮಗೂನ ಇಳಿಸ್ಕೊಳ್ಳಿ" ಎಂದು ಎದುರಿನ ಬಾಗಿಲು ತೆರೆದಳು.

ಕಂಡಕ್ಟರಮ್ಮ ಕುರ್ಚಿ ತಳ್ಳಿಕೊಂಡು ಬಾಗಿಲಿಗೆ ಬಂದಳು. ಸ್ಟೋರಿನ ಮಧ್ಯದಲ್ಲಿ ಇನ್ನೊಂದು ಕುರ್ಚಿಯಿತ್ತು. ಹಿಂದಿನ ತಗಡಿನ ಮೇಲೆ ಗುಬ್ಬಿಯ ಹೆಸರು. ವಾಚ್‌ಮನ್ ಅಣ್ಣ ತಲೆಯ ಮೇಲೆ ಹೊತ್ತು ತಂದು ಕೊಟ್ಟಿದ್ದು, ಪುಟಾಣಿ ಕೂತಿದ್ದು. ಅದರ ಮೇಲೆ ಫೈಲಿನ ಕಟ್ಟುಗಳಿದ್ದವು, ಯಾರದೋ ಹೆಲ್ಮೆಟ್ಟಿತ್ತು. ಎಲ್ಲದರ ಮೇಲೆ ಸಮಾರಂಭದ ಬ್ಯಾನರನ್ನು ಸುತ್ತಿ ಇಟ್ಟಿದ್ದರು. ಅರ್ಧ ಬಿಚ್ಚಿಕೊಂಡ ಸುರುಳಿಯಲ್ಲಿ ದೊಡ್ಡ ಅಕ್ಷರಗಳು ಕಾಣುತ್ತಿದ್ದವು: 'ನಿಮ್ಮ ಜೊತೆ ನಾವಿದ್ದೇವೆ'.

ಅವಳು ಕೊಡಲೆಂದೇ ಬಂದಿದ್ದಳು. ತೆಪ್ಪಗೆ ಕೊಟ್ಟು, ತೆಪ್ಪಗೆ ಮಗುವನ್ನು ಎತ್ತಿಕೊಂಡು ಹೋಗಬೇಕೆಂದೇ ಮನಸ್ಸನ್ನು ಗಟ್ಟಿ ಮಾಡಿಕೊಂಡಿದ್ದಳು. ಆ ಹೆಲ್ಮೆಟ್ಟು ಕಂಡದ್ದೇ ತಡ, ಎಲ್ಲ ಹಾರಿಹೋಯಿತು.

"ಸೀಟ್ ಮೇಲೆ ಲಗೇಜ್ ಇಡೋ ಹಾಗಿಲ್ಲಾ!"

ಇಡೀ ಕಟ್ಟಡಕ್ಕೆ ಕೇಳಿಸಿತು. ಗುಬ್ಬಿ ಕೇಕೆ ಹಾಕಿ ನಕ್ಕಿತು. ಕಂಡಕ್ಟರಮ್ಮ ಒಳಗೆ ನುಗ್ಗಿ ಹೆಲ್ಮೆಟ್ಟನ್ನು ನೆಲಕ್ಕಿಟ್ಟಳು, ಫೈಲಿನ ಕಟ್ಟನ್ನು ನೆಲಕ್ಕೆ ಕುಕ್ಕಿದಳು, ಬ್ಯಾನರನ್ನು ಎತ್ತಿ ವರಾಂಡಕ್ಕೆ ಎಸೆದಳು. "ಮಳೆಗಾಲ ಪೂರ್ತಿ ನಮ್ಮ ಪುಟಾಣಿ ನೆಲದ ಮೇಲೆ, ನಿಮ್ಮ ಬ್ಯಾನರ್ ಕುರ್ಚಿ ಮೇಲೆ! ಇದೇನಾ ಪರಿಶೀಲನೆ? ಈ ಹೆಲ್ಮೆಟ್ಟಿಗೆ ಬೆನ್ನು ನಿಲ್ಲಲ್ವಾ? ಈ ಫೈಲಿಗೆ ತುತ್ತು ಗಂಟಲಲ್ಲಿ ಸಿಕ್ಕೊಳ್ಳುತ್ತಾ?"

ಸಾಹೇಬರು ತಮ್ಮ ಕೋಣೆಯಿಂದ ಎದ್ದು ಬಂದರು. ಹಿಂದೆಯೇ ನಾಲ್ಕು ಮೇಜಿನವರೂ ಬಂದರು. "ಏನ್ರೀ ಇದು ಗಲಾಟೆ? ಇದು ಆಫೀಸು, ಬಸ್‌ಸ್ಟ್ಯಾಂಡ್ ಅಲ್ಲ. ಸ್ವಲ್ಪ ಮೆಲ್ಲಗೆ ಮಾತಾಡಿ."

"ಎರಡು ಕುರ್ಚಿನೂ ತಗೊಂಡು ಹೋಗ್ತಾ ಇದೀನಿ. ಇದರಲ್ಲಿ ನನ್ನ ಮಗಳು ಕೂತಿದಾಳೆ, ಎಬ್ಬಿಸೋದಾದ್ರೆ ನೀವೇ ಬಂದು ಎಬ್ಬಿಸಿ."

ಸಾಹೇಬರು ಗುಬ್ಬಿಯನ್ನು ನೋಡಿದರು. ಗುಬ್ಬಿ ಅವರನ್ನು ನೋಡಿ ನಕ್ಕಿತು. ಯಾರೂ ಮುಂದೆ ಬರಲಿಲ್ಲ. ಸಾಹೇಬರು ಜಾಣರು, ಬೆಂಚಿನ ಕಡೆಗೆ ತಿರುಗಿದರು. "ತಗೊಂಡು ಹೋಗಿ, ಧಾರಾಳವಾಗಿ. ಆದ್ರೆ ಈ ಅಮ್ಮನ ಮಗನ ಹೆಸರು ಇವತ್ತೇ ಹೋಗುತ್ತೆ. ಏನಮ್ಮಾ, ಒಪ್ಪಿಗೇನಾ? ನೀವು ಒಳ್ಳೆಯವರು, ತಿಳಿದವರು, ನೀವೇ ಇವರಿಗೆ ಹೇಳಿ."

ಬೇಕರಿ ಅಕ್ಕ ಎದ್ದಳು. ಎದ್ದು, ವಾಚ್‌ಮನ್ ಅಣ್ಣನ ಸಹಾಯದಿಂದ ಆನೆಮರಿಯನ್ನು ಎತ್ತಿ, ಸಾಹೇಬರ ಕೋಣೆಗೆ ನಡೆದು, ಅವರ ಮೇಜಿನ ಮೇಲಿನ ಪೆನ್ನು, ಗಾಜು, ಫೋನು ಎಲ್ಲವನ್ನೂ ಮೊಣಕೈಯಿಂದ ಪಕ್ಕಕ್ಕೆ ಸರಿಸಿ, ತನ್ನ ಮಗನನ್ನು ಅಲ್ಲಿ ಮಲಗಿಸಿದಳು. ತಲೆಯ ಕೆಳಗೆ ತನ್ನ ಕೈಚೀಲ ಇಟ್ಟಳು.

"ಎಷ್ಟು ವರ್ಷದಿಂದ ಮೆಲ್ಲಗೆ ಮಾತಾಡ್ತಾ ಇದೀನಿ ಗೊತ್ತಾ ನಿಮಗೆ?" ಎಂದಳು. ಆಮೇಲೆ ಅದೇ ದನಿ ಏರಿತು, ಒಡೆಯಿತು, ಕಿರುಚಾಯಿತು. ಅವಳ ಗಂಟಲಿನಲ್ಲಿ ಅಂಥದೊಂದು ಇದೆಯೆಂದು ಅವಳಿಗೇ ಗೊತ್ತಿರಲಿಲ್ಲ. "ಒಂದು ಸಲನಾದ್ರೂ ಕೇಳಿಸ್ತಾ ನಿಮಗೆ? ಅಳತೆ ತಗೊಳ್ಳಿ ಅಂದೆ ಮೆಲ್ಲಗೆ. ಬೇಗ ಕೊಡಿ ಅಂದೆ ಮೆಲ್ಲಗೆ. ಚಿಕ್ಕದಾಯ್ತು ಅಂದೆ ಮೆಲ್ಲಗೆ! ಇವಳ ಊಟ ಕಿತ್ಕೊಂಡು ನನ್ನ ಮಗನಿಗೆ ಕೂರೋಕೆ ಕೊಡ್ತೀರಾ? ತಗೀರಿ ಹೆಸರು, ಯಾವ ಪೆನ್ನಲ್ಲಿ ತಗೀತೀರೋ ತಗೀರಿ! ಇವನ ಮುಖ ನೋಡ್ಕೊಂಡು ತಗೀರಿ! ಇಲ್ಲಾಂದ್ರೆ ಈಗ, ಇಲ್ಲೇ ಅಳತೆ ತಗೊಳ್ಳಿ. ಅಲ್ಲಿ ತನಕ ಇವನು ಇಲ್ಲೇ ಮಲಗಿರ್ತಾನೆ, ನಾನೂ ಇಲ್ಲೇ ಇರ್ತೀನಿ!"

ಸಾಹೇಬರು ಒಂದು ಹೆಜ್ಜೆ ಹಿಂದೆ ಸರಿದರು. ಕಂಡಕ್ಟರಮ್ಮನೂ ಬಾಗಿಲಲ್ಲೇ ದಂಗಾಗಿ ನಿಂತಿದ್ದಳು. ಕೊನೆಗೆ ಕೇಂದ್ರದ ಹುಡುಗಿಯೇ ಹೋಗಿ ಅಳತೆಯ ಟೇಪು ತಂದಳು. ಅವಳ ಕಣ್ಣು ಒದ್ದೆಯಾಗಿತ್ತು. ಆದರೆ ಅದನ್ನು ನೋಡುವ ವ್ಯವಧಾನ ಯಾರಿಗೂ ಇರಲಿಲ್ಲ.

ಆನೆಮರಿಯ ಅಳತೆ ಬರೆದುಕೊಂಡ ಮೇಲೆ ಎರಡೂ ಕುರ್ಚಿಗಳು ಬಸ್ಸು ಹತ್ತಿದವು. ಗುಬ್ಬಿಯ ಊಟದ ಭಯ ಮತ್ತೆ ಆ ಮನೆಗೆ ಬರಲಿಲ್ಲ. ಇಷ್ಟಕ್ಕೇ ನಿಲ್ಲಿಸಿದ್ದರೆ ಕೇಳುವವರಿಗೆ ಸಂತೋಷವಾಗುತ್ತಿತ್ತು. ಆದರೆ ಶನಿವಾರ ಬಂತು. ವಿಶ್ರಾಂತಿ ಕೋಣೆಯ ಮಧ್ಯದಲ್ಲಿ ಕುರ್ಚಿಯಿಟ್ಟು, ಧೂಳು ಒರೆಸಿ, ವಾಚ್‌ಮನ್ ಅಣ್ಣ ಮಗನನ್ನು ಎತ್ತಿ ಕೂರಿಸಲು ಹೋದ. ಸೊಂಟ ಒಳಗೆ ಇಳಿಯದೆ ಸಿಕ್ಕಿಕೊಂಡಿತು. ಬೂಟು ಬಿಚ್ಚಿ ನೋಡಿದ, ಸ್ವೆಟರು ತೆಗೆದು ನೋಡಿದ. ಪುಟಾಣಿ ನರಳಿದ. ಕುರ್ಚಿ ಬ್ಯಾನರು ಹೊತ್ತುಕೊಂಡಿದ್ದ ಅಷ್ಟು ದಿನವೂ ಪುಟಾಣಿ ತನ್ನ ಪಾಡಿಗೆ ತಾನು ಬೆಳೆದಿದ್ದ.

ವಾಚ್‌ಮನ್ ಅಣ್ಣ ಮಗನನ್ನು ಎದೆಗೆ ಒತ್ತಿಕೊಂಡು ಗೋಡೆಗೆ ಒರಗಿದ. "ನಾನೇ ಅಲ್ವಾ ಹೊತ್ಕೊಂಡು ಹೋಗಿ ಕೊಟ್ಟಿದ್ದು" ಎಂದ, ಅಷ್ಟೇ. ಅಂದು ಅವನನ್ನು ಬೈದಿದ್ದ ಕಂಡಕ್ಟರಮ್ಮನ ಈಗಿನ ಸಿಟ್ಟಿಗೆ ಅವನೊಬ್ಬ ಸಾಲುತ್ತಿರಲಿಲ್ಲ.

ಬಾಗಿಲ ಬಳಿ ಮೊದಲ ಸಲ ಬಂದ ತಾಯಿಯೊಬ್ಬಳು ನಿಂತಿದ್ದಳು. ಸೊಂಟದ ಮೇಲೆ ಪುಟ್ಟ ಹೆಣ್ಣುಮಗು, ಕತ್ತು ಜೋಲುತ್ತಿತ್ತು. ಒಳಗೆ ಬರಲೋ ಬೇಡವೋ ಎಂದು ಅನುಮಾನಿಸುತ್ತಿದ್ದಳು. ವಾಚ್‌ಮನ್ ಅಣ್ಣನೇ ಅವಳನ್ನು ಮೊದಲು ಕಂಡ. ಕುರ್ಚಿಯನ್ನು ಕಾಲಿನಿಂದ ಅವಳ ಕಡೆಗೆ ಮೆಲ್ಲಗೆ ತಳ್ಳಿದ. "ಕೂರಿಸಮ್ಮಾ, ಆಗುತ್ತೆ ನೋಡು" ಎಂದ. ಆಯಿತು.

"ಯಾವಾಗ್ಲೂ ನಾವ್ ನಾವೇ ಎದ್ದು ಸೀಟು ಬಿಟ್ಕೊಡ್ಬೇಕಾ?" ಕಂಡಕ್ಟರಮ್ಮ ಕೂಗಿದಳು, ಯಾರಿಗೂ ಅಲ್ಲ, ಫ್ಯಾನಿಗೆ. "ಆರಾಮಾಗಿ ಕೂತವರು ಯಾವತ್ತು ಏಳೋದು?"

ಬೇಕರಿ ಅಕ್ಕ, ಸೋಮವಾರದಿಂದ ಗಂಟಲು ಕಟ್ಟಿಕೊಂಡಿದ್ದವಳು, ಒಡಕು ದನಿಯಲ್ಲಿ ಹೇಳಿದಳು: "ಬರೋ ಸೋಮವಾರ ಪುಟಾಣಿ ಅಳತೆಗೆ ಹೋಗೋಣ. ಅಣ್ಣ ಕೇಳ್ಬೇಕು, ನಾವು ಪಕ್ಕದಲ್ಲಿರ್ತೀವಿ. ಅಣ್ಣಾ, ಹ್ಯಾಗೆ ಕೇಳ್ತೀಯ, ಎಲ್ಲಿ ಒಂದ್ಸಲ ಹೇಳು."

"ಸಾರ್," ಎಂದ ವಾಚ್‌ಮನ್ ಅಣ್ಣ ನೆಲ ನೋಡುತ್ತಾ, "ನನ್ನ ಮಗನಿಗೆ ಕುರ್ಚಿ ಕೊಡಿ ಸಾರ್."

"ಕೇಳಿಸ್ಲಿಲ್ಲ" ಎಂದಳು ಕಂಡಕ್ಟರಮ್ಮ.

"ನನ್ನ ಮಗನಿಗೆ ಕುರ್ಚಿ ಕೊಡಿ."

"ಹಿಂದಿನ ಬಾಗಿಲಿಗೆ ಕೇಳಿಸ್ಲಿಲ್ಲ."

ವಾಚ್‌ಮನ್ ಅಣ್ಣ ತಲೆಯೆತ್ತಿದ. ಮೀಸೆ ಅದುರಿತು, ಕತ್ತಿನ ನರ ಉಬ್ಬಿತು. "ನನ್ನ ಮಗನಿಗೆ ಕುರ್ಚಿ ಕೊಡ್ರೀ!"

ಹೊರಗೆ ಬಸ್ಸು ತೊಳೆಯುತ್ತಿದ್ದವರು ಕೈ ನಿಲ್ಲಿಸಿ ತಿರುಗಿ ನೋಡಿದರು. ಈಗಷ್ಟೇ ಕುರ್ಚಿ ಸಿಕ್ಕ ಪುಟ್ಟ ಹುಡುಗಿ ಬೆಚ್ಚಿಬಿದ್ದಳು, ಗುಬ್ಬಿ ನಕ್ಕಿತು. ಅಪ್ಪನ ತೋಳಿನಲ್ಲಿದ್ದ ಪುಟಾಣಿ ಕತ್ತು ತಿರುಗಿಸಿ, ಇದು ಯಾರಪ್ಪಾ ಎನ್ನುವ ಹಾಗೆ ಅವನ ಮುಖವನ್ನೇ ನೋಡಿದ.

"ಇನ್ನೂ ಜೋರಾಗಿ" ಎಂದಳು ಕಂಡಕ್ಟರಮ್ಮ.